‘ಏನೂ ಸಿಗಲಿಲ್ಲ’ ಎನ್ನುವ ಪುಟ

ಜನವರಿ ೧೨

ಮಗಳಿಗೆ,

ಮಂಡಿ ನೋವು ಇದ್ದ ಹಾಗೇ ಇದೆ, ಕಿವಿ ಇಲ್ಲದ ಹಾಗೇ ಇದೆ, ಉಳಿದದ್ದೆಲ್ಲ ಕ್ಷೇಮ. ಸಣ್ಣಪುಟ್ಟ ಸುದ್ದಿಯಾಗಿದ್ದರೆ ಲೈಬ್ರರಿಯವಳ ಕೈಯಲ್ಲಿ ನಿನಗೆ ಫೋನು ಮಾಡಿಸುತ್ತಿದ್ದೆ. ಇದು ಬೇರೆಯವರ ಬಾಯಿಂದ ನಿನ್ನನ್ನು ತಲುಪಬಾರದು, ಅದಕ್ಕೇ ಕಾಗದ.

ನಿಮ್ಮ ಪತ್ರಾಗಾರದ ವೆಬ್‌ಸೈಟ್ ನೋಡಿದೆ. ಹಳೆಯ ಕಾಗದ, ಹಳೆಯ ಫೋಟೋಗಳನ್ನೆಲ್ಲ ಜನ ಕೂತಲ್ಲೇ ಹುಡುಕುವ ಹಾಗೆ ಮಾಡುತ್ತಿದ್ದೇವೆ ಎಂದು ಬರೆಯುತ್ತಿದ್ದೆಯಲ್ಲ, ಅದು. ಲೈಬ್ರರಿಯವಳು ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿ, ಮುದುಕಿ ಒಂದೊಂದೇ ಅಕ್ಷರ ತಡಕುತ್ತಾಳೆ ಎಂದುಕೊಂಡು ಪಕ್ಕದಲ್ಲೇ ನಿಂತಳು. ಬಂದರು ಕಚೇರಿಯಲ್ಲಿ ಜೀವಮಾನವಿಡೀ ಟೈಪು ಮಾಡಿದ ಬೆರಳುಗಳು ಇವು ಅಂತ ಅವಳಿಗೇನು ಗೊತ್ತು! ನಾನು ಕುಟ್ಟಿದ ಸದ್ದಿಗೆ ಪೇಪರು ಓದುವವರೆಲ್ಲ ತಲೆ ಎತ್ತಿದರಂತೆ. ನನಗೆ ಕೇಳಿಸಲಿಲ್ಲ, ಅವಳೇ ನಗುತ್ತಾ ಚೀಟಿಯಲ್ಲಿ ಬರೆದು ತೋರಿಸಿದಳು.

ಪುಟದ ಮೇಲ್ಗಡೆ ಸೌಟಿನ ಚಿತ್ರ ಹಾಕಿ ಉದ್ದನೆಯ ಖಾಲಿ ಜಾಗ ಬಿಟ್ಟಿದ್ದೀರಲ್ಲ (ಅದು ಸೌಟಲ್ಲ, ಭೂತಗನ್ನಡಿ ಎಂದು ಆಮೇಲೆ ತಿಳಿಯಿತು), ಅಲ್ಲಿ ಬರೆದೆ: ‘ಲಾಂಚು ಮುಳುಗಿದ ದಿನ. ಹತ್ತೊಂಬತ್ತು ವರ್ಷದ ಹುಡುಗ. ಉದ್ದ, ತೆಳ್ಳಗೆ. ನೀಲಿ ಸ್ವೆಟರ್, ಕಂದು ಬೆಲ್ಟು. ಎಡಗೈ ಹೆಬ್ಬೆರಳಿನ ಮೇಲೆ ಸುಟ್ಟ ಕಲೆ.’

ಉತ್ತರ ಬಂತು: ‘ನೀವು ಕೇಳಿದ್ದಕ್ಕೆ ಏನೂ ಸಿಗಲಿಲ್ಲ. ಬೇರೆ ಮಾತಿನಲ್ಲಿ ಕೇಳಿ ನೋಡಿ.’

ಮಗಳೇ, ಆ ಸಾಲನ್ನು ನೋಡಿ ನಾನು ಅತ್ತುಬಿಟ್ಟೆ. ಸಂತೋಷಕ್ಕೆ. ಲೈಬ್ರರಿಯವಳು ಹೆದರಿ ನೀರು ತಂದಳು.

ನಿಮ್ಮಪ್ಪ ಸಾಯುವವರೆಗೂ ಅದನ್ನೇ ಅಂದರು, “ಅವನು ನೀರಲ್ಲೇ ಹೋದ ಕಣೇ, ಒಪ್ಕೊಂಡ್ಬಿಡು” ಅಂತ. ಆಗ ನನಗೆ ಕಿವಿ ಕೇಳುತ್ತಿತ್ತು, ಆದರೂ ಕೇಳಿಸಿಕೊಳ್ಳಲಿಲ್ಲ. ನಿನ್ನ ಉದ್ದಣ್ಣ ಆ ಬೆಳಿಗ್ಗೆ ಅವರ ರೇಡಿಯೋ ಬಿಚ್ಚಿ ಹರಡಿ ಬೈಸಿಕೊಂಡು, “ಇನ್ನು ಈ ಮನೆ ಮೆಟ್ಲು ಹತ್ತಲ್ಲ” ಅಂತ ಹೋದವನು. ಆಚೆ ದಡದ ರಿಪೇರಿ ಅಂಗಡಿಗೆ ದಿನಾ ಲಾಂಚಿನಲ್ಲೇ ಹೋಗುತ್ತಿದ್ದ, ನಿಜ. ಅವತ್ತು ಹತ್ತಿದ್ದನ್ನು ಕಂಡವರು ಒಬ್ಬರೂ ಇಲ್ಲ. ಮೊದಲ ದಿನಗಳಲ್ಲಿ ಸಿಕ್ಕ ಹೆಣಗಳನ್ನೆಲ್ಲ ನಿಮ್ಮಪ್ಪ ನೋಡಿ ಬಂದರು, ಅವನಿರಲಿಲ್ಲ. ಆಮೇಲೆ ಹೊಳೆಯ ಕೆಳಗಿನ ಊರುಗಳಲ್ಲಿ ಸಿಕ್ಕವನ್ನು ಅಲ್ಲಲ್ಲೇ ಫೋಟೋ ಹಿಡಿದು ಮಣ್ಣು ಮಾಡಿದರು. ಆ ಫೋಟೋ ತೋರಿಸಿ ಎಂದು ನಾನು ಯಾವ ಕಚೇರಿಗೆ ಅಲೆಯಲಿಲ್ಲ ಹೇಳು. ಎಲ್ಲ ಕಡೆ ಒಂದೇ ಉತ್ತರ, “ಫೈಲು ಮುಚ್ಚಿದೆ ತಾಯಿ.”

ಈಗ ಫೈಲು ತೆರೆದಿದೆ. ತೆರೆದು ಜೋಡಿಸಿದವಳು ನನ್ನ ಮಗಳೇ. ಅದರಲ್ಲಿ ಅವನಿಲ್ಲ. ಹಾಗಾದರೆ ಎಲ್ಲೋ ಇದ್ದಾನೆ, ಇನ್ನೂ ಸಿಟ್ಟಿನಲ್ಲಿದ್ದಾನೆ. ಇರಲಿ. ಸಿಟ್ಟಿನಲ್ಲಿದ್ದಾನೆ ಅಂದರೆ ಇದ್ದಾನೆ.

ಅವತ್ತು ಇಡೀ ಮನೆಗೇ ಸಿಟ್ಟು ಹಿಡಿದಿತ್ತು. ನೀನೂ ಶಾಲೆಗೆ ಹೊರಟವಳು ಚೀಲದ ಪಟ್ಟಿ ಎಲ್ಲೋ ಕಳೆದು, ಅರ್ಧ ದಾರಿಯಿಂದ ವಾಪಸು ಬಂದು ನನ್ನ ಕೈಲಿ ಏಟು ತಿಂದೆ. ಏಳು ವರ್ಷ ನಿನಗೆ, ನೆನಪಿದೆಯೋ ಇಲ್ಲವೋ. ಅವನು ಏನೂ ತಿನ್ನದೆ ಹೋದ. ಅದೊಂದು ನನ್ನನ್ನು ಈಗಲೂ ಬಿಟ್ಟಿಲ್ಲ.

ನಿನ್ನ ಅಮ್ಮ


ಜನವರಿ ೨೭

ಅಮ್ಮಾ,

ನಿನ್ನ ಕಾಗದ ಬಂದ ಮೇಲೆ ಉತ್ತರ ಬರೆಯುವುದು, ಹರಿಯುವುದು, ಇದೇ ಆಯಿತು. ನಿನ್ನ ಸಂತೋಷಕ್ಕೆ ಕಲ್ಲು ಹಾಕಲು ಮನಸ್ಸಿಲ್ಲ. ಹಾಗಂತ ಸುಮ್ಮನಿರಲೂ ಆಗುತ್ತಿಲ್ಲ.

ಇಲ್ಲಿನ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ, ಆಮೇಲೆ ನೀನೇ ಯೋಚಿಸು. ನಮ್ಮದು ಹಿಂದೆ ಗೋದಾಮಾಗಿದ್ದ ಕಟ್ಟಡ. ಮೇಲೆ ತಗಡು, ಕೆಳಗೆ ಸಾಲು ಸಾಲು ಪೆಟ್ಟಿಗೆ. ಒಂದು ಮೂಲೆಯಲ್ಲಿ ಸ್ಕ್ಯಾನ್ ಮಾಡುವವರು, ದಿನವಿಡೀ ಮಿಂಚು ಹೊಡೆದ ಹಾಗೆ ಬೆಳಕು. ಅಲ್ಲಿಂದ ಚಿತ್ರಗಳು ಅಕ್ಕನ ಮೇಜಿಗೆ ಬರುತ್ತವೆ. ನಾವೆಲ್ಲ ‘ವಿವರದ ಅಕ್ಕ’ ಎನ್ನುವ ಹಿರಿಯರು ಅವರು. ಒಂದೊಂದು ಚಿತ್ರವನ್ನೂ ನೋಡಿ ಅದರಲ್ಲಿ ಏನಿದೆ ಎಂದು ನಾಲ್ಕು ಸಾಲು ಬರೆಯುತ್ತಾರೆ. ನಮ್ಮ ಯಂತ್ರ ಚಿತ್ರವನ್ನು ನೋಡುವುದೇ ಇಲ್ಲ ಅಮ್ಮ, ಅಕ್ಕ ಬರೆದ ಮಾತನ್ನು ಮಾತ್ರ ನೋಡುತ್ತದೆ. ಅಕ್ಕ ಕೋಟು ಎಂದು ಬರೆದಿದ್ದು, ನೀನು ಸ್ವೆಟರ್ ಎಂದು ಕೇಳಿದರೆ ಮುಗಿಯಿತು, ನಿಮ್ಮಿಬ್ಬರ ಭೇಟಿಯಾಗುವುದಿಲ್ಲ.

ಬಂದವರ ಕಣ್ಣಿಗೆ ಮೊದಲು ಏನು ಬೀಳಬೇಕು, ಅಲ್ಲಿಂದ ಯಾವ ದಾರಿ ಹಿಡಿಯಬೇಕು, ಸಿಗದಿದ್ದರೆ ಏನು ಹೇಳಬೇಕು, ಇದು ನನ್ನ ಕೆಲಸ. ಬರುವವರಲ್ಲಿ ಎರಡು ಥರ. ಇಂಥದ್ದೇ ಬೇಕು ಎಂದು ಹುಡುಕುವವರು ಕೆಲವರು. ಉಳಿದವರು ಸಂತೆಯಲ್ಲಿ ಸುತ್ತುವ ಹಾಗೆ ಸುಮ್ಮನೆ ಅಡ್ಡಾಡುವವರು, ಹಳೆ ಸೇತುವೆ, ಹಳೆ ಅಂಗಡಿ ಬೀದಿ ನೋಡಿ ಖುಷಿಪಡುವವರು. ಶಾಲೆ ಮಕ್ಕಳೂ ಬರುತ್ತಾರೆ. ನಾವು ಹೆಚ್ಚಾಗಿ ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ದಾರಿ ಮಾಡಿದ್ದು.

ನೀನು ನೋಡಿ ಅತ್ತ ವಾಕ್ಯ ಬರೆದವಳು ನಾನೇ. ಪ್ರೋಗ್ರಾಂ ಬರೆಯುವ ನಮ್ಮ ಗಡ್ಡದವನು “ಸೊನ್ನೆ ಫಲಿತಾಂಶ ಅಂತ ಹಾಕಿದ್ರೆ ಸಾಕು” ಅಂದ. “ಬಂದೋರು ಪರೀಕ್ಷೆ ಬರೆಯೋಕೆ ಬಂದಿದಾರೇನೋ, ಸೊನ್ನೆ ಕೊಡೋಕೆ?” ಎಂದು ಜಗಳ ಆಡಿ ಆ ಮೆತ್ತಗಿನ ವಾಕ್ಯ ಹಾಕಿಸಿದೆ. ಅದು ನಿನ್ನ ಮುಂದೆ ಬಂದು ನಿಲ್ಲುತ್ತದೆ ಎಂದು ಅಂದುಕೊಂಡಿರಲಿಲ್ಲ.

ಸಿಗಲಿಲ್ಲ ಎಂದರೆ ಇಲ್ಲ ಎಂದಲ್ಲ. ಇದಿಷ್ಟನ್ನು ನಂಬು. ಬೇರೇನನ್ನೂ ಈಗಲೇ ನಂಬಬೇಡ.

ನಿನ್ನ ಮಗಳು


ಫೆಬ್ರವರಿ ೧೦

ಮಗಳಿಗೆ,

ನಿನ್ನ ಕಾಗದ ಓದಿದೆ. ನಿನ್ನ ಅಪ್ಪನ ಮಗಳೇ ನೀನು, ಆಸೆ ಪಟ್ಟರೂ ಬುದ್ಧಿವಾದ ಹೇಳುತ್ತೀ.

ಬೇರೆ ಮಾತಿನಲ್ಲಿ ಕೇಳಿ ಎಂದು ನೀವೇ ಹೇಳಿದ್ದೀರಿ, ಕೇಳಿದೆ. ಸ್ವೆಟರ್ ಬಿಟ್ಟು ಉಣ್ಣೆ ಅಂಗಿ ಎಂದೆ. ಹುಡುಗ ಬಿಟ್ಟು ತರುಣ ಎಂದೆ, ಗಂಡಸು ಎಂದೆ. ‘ರೇಡಿಯೋ ರಿಪೇರಿ ಕಲಿಯುವವನು’ ಎಂದೆ. ‘ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವನು’ ಎಂದೂ ಬರೆದೆ, ಲೈಬ್ರರಿಯವಳು ನನ್ನ ಭುಜದ ಮೇಲೆ ಕೈ ಇಟ್ಟಳು. ದಿನಾ ಹೋಗುತ್ತೇನೆ. ದಿನಾ ನಿನ್ನ ವಾಕ್ಯ ಬರುತ್ತದೆ. ಇಷ್ಟು ಸಲ ಇಲ್ಲ ಎಂದ ಮೇಲೆ ಇನ್ನೇನು ಸಾಕ್ಷಿ ಬೇಕು?

ಕೂತು ಪ್ರಯೋಜನವಿಲ್ಲ ಎಂದು ಹೊರಟೆ. ಅವನಿಗೆ ಗೊತ್ತಿದ್ದದ್ದು ಒಂದೇ ಕೆಲಸ. ರೇಡಿಯೋ ರಿಪೇರಿ ಅಂಗಡಿಗಳನ್ನು ಹಿಡಿದು ಹೊರಟರೆ ಇವತ್ತಲ್ಲ ನಾಳೆ ಯಾರಾದರೂ ಗುರುತು ಹೇಳುತ್ತಾರೆ. ಒಂದು ಕಾರ್ಡು ಟೈಪು ಮಾಡಿಕೊಂಡಿದ್ದೇನೆ: ‘ನನಗೆ ಕಿವಿ ಕೇಳಿಸುವುದಿಲ್ಲ. ದಯವಿಟ್ಟು ಉತ್ತರ ಬರೆದು ಕೊಡಿ. ಈ ಫೋಟೋದವನನ್ನು ಕಂಡಿದ್ದೀರಾ? ಈಗ ಐವತ್ತು ದಾಟಿರುತ್ತಾನೆ.’

ನಿನ್ನೆ ಆಚೆ ದಡದ ಊರಿಗೆ ಹೋಗಿದ್ದೆ. ಅವನು ಕೆಲಸ ಕಲಿಯುತ್ತಿದ್ದ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಕಾರ್ಡು ಕೊಟ್ಟೆ. ಅಂಗಡಿಯವನು ಅದನ್ನು ಓದದೆ ನನ್ನ ಬ್ಯಾಗು ನೋಡಿ, ಚಾರ್ಜರ್ ಬೇಕಾ ಎಂದು ಒಂದನ್ನು ತೆಗೆದು ಮುಂದೆ ಹಿಡಿದ. ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನುತ್ತಾರೆ. ನಾನು ಕಿವುಡಿಯಾಗಿ ರೇಡಿಯೋ ಅಂಗಡಿ ಹುಡುಕುತ್ತಿದ್ದೇನೆ. ನಿನಗೆ ನಗು ಬಂದರೆ ನಗು, ನನಗೂ ಬಂತು.

ನಾಳೆಯಿಂದ ಹೊಳೆಯ ಕೆಳಗಿನ ಊರುಗಳು.

ನಿನ್ನ ಅಮ್ಮ


ಫೆಬ್ರವರಿ ೨೪

ಅಮ್ಮಾ,

ದಯವಿಟ್ಟು ಮನೆಗೆ ವಾಪಸು ಹೋಗು. ಭಾನುವಾರ ಬಂದಿದ್ದೆ, ಬೀಗ ಇತ್ತು. ಕೆಳಗಿನ ಮನೆಯವರು “ನಿಮ್ಮಮ್ಮ ಚೀಲ ತಗೊಂಡು ಹೊರಟಾಗ ಹೊಸ ಚಪ್ಪಲಿ ಹಾಕಿದ್ರು” ಎಂದಷ್ಟೇ ಹೇಳಿದರು. ಈ ಕಾಗದವನ್ನು ಲೈಬ್ರರಿಯವಳ ವಿಳಾಸಕ್ಕೆ ಹಾಕುತ್ತಿದ್ದೇನೆ. ನೀನು ಇಳಿದುಕೊಳ್ಳುವ ಲಾಡ್ಜುಗಳ ಹೆಸರನ್ನು ಅವಳಿಗೆ ತಿಳಿಸುತ್ತೀಯಂತೆ, ಅಲ್ಲಿಗೆ ಕಳಿಸುತ್ತಾಳೆ.

ಜನ ಏನೇನು ಹುಡುಕುತ್ತಾರೆ ಎನ್ನುವುದು ನಮಗೆ ಕಾಣುತ್ತದೆ ಅಮ್ಮ. ಹೆಸರು ಇರುವುದಿಲ್ಲ, ಕೇಳಿದ ಮಾತು ಮತ್ತು ಎಲ್ಲಿಂದ ಎಂಬುದು ಇರುತ್ತದೆ. ಎಲ್ಲರೂ ಎರಡು ಪದ ಕುಟ್ಟಿ ಹೋಗುತ್ತಾರೆ. ಆ ಸಾಲುಗಳ ನಡುವೆ ಪೂರ್ತಿ ವಾಕ್ಯ, ಕೊನೆಗೆ ಚುಕ್ಕಿ. ಅದು ನಿನ್ನ ಟೈಪಿಂಗು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿಯುವವನು ಎಂಬುದನ್ನು ಗಡ್ಡದವನು ಗಟ್ಟಿಯಾಗಿ ಓದಿ, “ಇದ್ಯಾರಪ್ಪ ಕವಿಗಳು” ಅಂದ. ನಾನು ಎದ್ದು ಹೊರಗೆ ಹೋದೆ.

ಒಂದು ವಿಷಯ ಕೇಳಬೇಕು. ಅವತ್ತು ಕಳೆಯಿತು ಎಂದೆಯಲ್ಲ, ನನ್ನ ಶಾಲೆ ಚೀಲದ ಪಟ್ಟಿ, ಅದರ ತುದಿ ಕಿತ್ತುಹೋದಾಗ ನೀನು ಹೊಲಿದು ಕೊಟ್ಟಿದ್ದೆ. ಎಂಥ ದಾರದಲ್ಲಿ ಹೊಲಿದಿದ್ದೆ? ಸುಮ್ಮನೆ ಕೇಳಿದೆ.

ಕಾಲು ನೋಡಿಕೊ.

ನಿನ್ನ ಮಗಳು


ಮಾರ್ಚ್ ೧೫

ಮಗಳಿಗೆ,

ಇದು ನಾಲ್ಕನೆಯ ಊರೋ ಐದನೆಯದೋ. ಲಾಡ್ಜಿನ ರೂಮಿನಲ್ಲಿ ಮಂಚದ ಮೇಲೆ ಕಾಲು ಚಾಚಿ ಬರೆಯುತ್ತಿದ್ದೇನೆ. ಟೈಪ್‌ರೈಟರ್ ಇಲ್ಲ, ಕೈಬರಹ ನೋಡಿ ಕೋಳಿ ಕೆದಕಿದ ಹಾಗಿದೆ ಎನ್ನಬೇಡ. ಬಸ್ಸಿನ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಯಾರೋ ಸರಿಯಿರಿ ಅಂದರೋ ಏನೋ, ನನಗೆ ಕೇಳಲಿಲ್ಲ, ತಳ್ಳಿದರು. ಪಾದ ಕುಂಬಳಕಾಯಿಯಾಗಿದೆ. ಡಾಕ್ಟರು ಬರೆದು ತೋರಿಸಿದರು, ‘ಅಜ್ಜಿ, ಮನೆಗೆ ಹೋಗಿ.’ ನಿಮ್ಮೆಲ್ಲರಿಗೂ ಒಂದೇ ಶಾಲೆಯಲ್ಲಿ ಪಾಠ ಆಗಿದೆ.

ಆದರೆ ಕೇಳು. ಇಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಮಾಡುವ ಮುದುಕನೊಬ್ಬ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಕಾರ್ಡಿನ ಹಿಂದೆ ಬರೆದುಕೊಟ್ಟ: ‘ಹಿಂದೆ ಒಬ್ಬ ಉದ್ದನೆಯ ಮೆಕ್ಯಾನಿಕ್ ಇದ್ದ. ಯಾರ ಹತ್ತಿರವೂ ಮಾತಿಲ್ಲ. ಮನೆ ಕಡೆ ಕೇಳಿದರೆ ಎದ್ದು ಹೋಗುತ್ತಿದ್ದ. ಆಮೇಲೆ ಬೆಟ್ಟದ ಕಡೆ ಹೋದ.’

ಮನೆ ಕಡೆ ಕೇಳಿದರೆ ಎದ್ದು ಹೋಗುತ್ತಿದ್ದನಂತೆ! ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎಂದು ನೀನು ಅನ್ನುತ್ತೀ, ಗೊತ್ತು. ಅನ್ನು. ಊತ ಇಳಿದ ಕೂಡಲೇ ಬೆಟ್ಟದ ಬಸ್ಸು ಹತ್ತುತ್ತೇನೆ. ಕಿಟಕಿಯ ಎದುರಿಗೇ ಬಸ್ ಡಿಪೋ, ಬಸ್ಸು ಬರುವುದು ಹೋಗುವುದು ನೋಡುತ್ತಾ ಹೊತ್ತು ಕಳೆಯುತ್ತಿದ್ದೇನೆ.

ನೀನು ದಾರ ಕೇಳಿದ್ದೆ. ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನಿನ್ನ ತಲೆ! ಮಾಮೂಲಿ ದಾರ ನಿನ್ನ ಪುಸ್ತಕದ ಭಾರಕ್ಕೆ ತಡೆಯುತ್ತಿರಲಿಲ್ಲ. ಬಂದರು ಕಚೇರಿಯಲ್ಲಿ ಮೂಟೆ ಹೊಲಿಯುವ ಟಾರು ಬಳಿದ ಹುರಿ ಕೇಳಿ ತಂದು, ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡಡ್ಡ ಹೊಲಿದಿದ್ದೆ. ಪಟ್ಟಿ ಹೋದರೂ ಹೊಲಿಗೆ ಹೋಗಬಾರದು, ಹಾಗೆ. ನಿಮ್ಮಪ್ಪ “ಏನೇ ಇದು, ಹಡಗು ಕಟ್ಟೋಕಾ?” ಎಂದು ನಕ್ಕಿದ್ದರು. ಬಹಳ ದಿನದ ಮೇಲೆ ಇದನ್ನೆಲ್ಲ ನೆನೆದು ಖುಷಿಯಾಯಿತು.

ನಿನ್ನ ಅಮ್ಮ


ಮಾರ್ಚ್ ೨೦
(ಕಳಿಸಿಲ್ಲ)

ಅಮ್ಮಾ,

ಇದನ್ನು ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಒಂದು ಸಲವಾದರೂ ನೇರವಾಗಿ ಬರೆದು ನೋಡಬೇಕು.

ಕೆಳಗಿನ ಊರುಗಳ ಪೊಲೀಸ್ ಫೋಟೋಗಳ ಪೆಟ್ಟಿಗೆ ನಮ್ಮಲ್ಲಿದೆ. ಕಳೆದ ವರ್ಷವೇ ಬಂತು. ಗುರುತು ಸಿಗದವರ ಮುಖಗಳು. ಮೊದಲ ಕೆಲವನ್ನು ನೋಡಿ ಎದ್ದುಬಿಟ್ಟೆ. ಸಭೆಯಲ್ಲಿ ಹೇಳಿದೆ, “ಸೇತುವೆ ಚಿತ್ರ ಹುಡುಕೋ ಮಗು ಮುಂದೆ ಸತ್ತವರ ಮುಖ ಬಂದು ನಿಲ್ಲಬಾರದು.” ಎಲ್ಲರೂ ತಲೆಯಾಡಿಸಿದರು. ಅಕ್ಕ ಮಾತ್ರ, “ಹುಡುಕ್ಕೊಂಡು ಬರೋರು ಇರ್ತಾರಲ್ಲಮ್ಮ” ಅಂದರು. ನಾನು ಬೇರೆ ವಿಷಯ ತೆಗೆದೆ. ಹುಡುಕಿದರೂ ಬರದ ಹಾಗೆ, ಅಡ್ಡಾಡಿದರೂ ಎಡವದ ಹಾಗೆ ಅವುಗಳಿಗೊಂದು ಗುರುತು ಹಾಕಿಸಿದೆ. ಇಂಥವು ಇವೆ ಎಂದು ಹೇಳುವ ಒಂದು ಸಾಲನ್ನೂ ಇಡಲಿಲ್ಲ. ಮುಚ್ಚಿದ ಬಾಗಿಲಾದರೆ ತಟ್ಟಬಹುದು. ನಾನು ಕಟ್ಟಿದ್ದು ಗೋಡೆ. ಅದನ್ನು ದಯೆ ಎಂದುಕೊಂಡಿದ್ದೆ. ಮಕ್ಕಳಿಗೋಸ್ಕರ ಎಂದದ್ದು ಸುಳ್ಳು ಅಮ್ಮ. ನೋಡಲಾಗದವಳು ನಾನು. ಪೂರ್ತಿ ನೋಡಿದರೆ ಅವನು ಇರಬಹುದು ಎಂದೇ ನೋಡಲಿಲ್ಲ.

ನಿನ್ನ ಮೊದಲ ಕಾಗದ ಬಂದ ಮೇಲೆ ಧೈರ್ಯ ಮಾಡಲು ಫೆಬ್ರವರಿಯಾಯಿತು. ಒಂದೊಂದೇ ತೆಗೆದೆ. ಒಂದರ ಕೆಳಗೆ ಅಕ್ಕ ಬರೆದಿದ್ದರು: ‘ಗುರುತು ಸಿಗದ ಯುವಕ. ಎತ್ತರದ ಮೈಕಟ್ಟು. ಗಾಢ ಬಣ್ಣದ ಉಡುಪು. ಸೊಂಟಕ್ಕೆ ಬೆಲ್ಟಿನ ಬದಲು ಬಟ್ಟೆಯ ಪಟ್ಟಿ. ಅದರ ತುದಿಯಲ್ಲಿ ಕಪ್ಪು ಹುರಿಯ ಅಡ್ಡಡ್ಡ ಹೊಲಿಗೆ.’ ಮುಖ ಗುರುತು ಹಿಡಿಯುವ ಹಾಗಿಲ್ಲ. ಕೈ ಚಿತ್ರದಲ್ಲಿಲ್ಲ. ಆ ಪಟ್ಟಿ ನನ್ನದು.

ನಾನು ಕಳೆದಿರಲಿಲ್ಲ. ಆ ಬೆಳಿಗ್ಗೆ ಮೆಟ್ಟಿಲ ಮೇಲೆ ಅವನ ಬೆಲ್ಟಿನ ಬಕಲು ಮುರಿಯಿತು. ಪ್ಯಾಂಟು ಹಿಡಿದುಕೊಂಡು ನಿಂತು, ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ನನ್ನ ಚೀಲದ ಪಟ್ಟಿ ಬಿಚ್ಚಿ ಕಟ್ಟಿಕೊಂಡು, “ಅಮ್ಮಂಗೆ ಹೇಳ್ಬೇಡ, ಸಂಜೆ ತಂದ್ಕೊಡ್ತೀನಿ” ಅಂದ. ಏಟು ಬಿದ್ದರೂ ಹೇಳಲಿಲ್ಲ. ಸಂಜೆ ಬಾಗಿಲಲ್ಲಿ ಕಾದೆ. ಆಮೇಲೆ ಹೇಳುವ ಧೈರ್ಯ ಬರಲೇ ಇಲ್ಲ.

ನೀನು ಕಂದು ಬೆಲ್ಟು ಎಂದು ಕೇಳುತ್ತಲೇ ಇದ್ದೀಯ. ನಾನು ಗೋಡೆ ಕಟ್ಟದಿದ್ದರೂ ಅವನು ನಿನಗೆ ಸಿಗುತ್ತಿರಲಿಲ್ಲ. ಎರಡು ಸಲ ಬಚ್ಚಿಟ್ಟಿದ್ದೇನೆ.

ಫೋಟೋದ ಹಿಂದೆ ಮಣ್ಣು ಮಾಡಿದ ಜಾಗವನ್ನು ಬರೆದಿದ್ದಾರೆ. ಅಲ್ಲಿ ಈಗ ಬಸ್ ಡಿಪೋ ಇದೆ. ಅದರ ಎದುರಿನ ಲಾಡ್ಜಿನ ಕಿಟಕಿಯಿಂದ ನೀನು ಬಸ್ಸು ನೋಡುತ್ತಾ ಹೊತ್ತು ಕಳೆಯುತ್ತಿದ್ದೀಯ.

ಹೇಳಿದರೆ ಅವನನ್ನು ನಾನೇ ಕೊಂದ ಹಾಗೆ. ಹೇಳದಿದ್ದರೆ ನಿನ್ನನ್ನು.


ಏಪ್ರಿಲ್ ೪

ಅಮ್ಮಾ,

ಬೆಟ್ಟದ ಕಡೆ ಹೋಗಬೇಡ. ಮನೆಗೆ ಬಾ. ನಾನು ಹೇಳಿದೆ ಎಂದಲ್ಲ, ನಮ್ಮ ಪುಟವನ್ನು ಬದಲಾಯಿಸಿದ್ದೇವೆ. ಅದಕ್ಕಾಗಿ ಇಲ್ಲಿ ಬಹಳ ಜಗಳವಾಯಿತು. ಅಕ್ಕ ನನ್ನ ಪಕ್ಕ ನಿಂತರು. ಗಡ್ಡದವನು ಏನನ್ನೂ ಕೇಳದೆ ಕೆಲಸ ಮುಗಿಸಿಕೊಟ್ಟ.

ಲೈಬ್ರರಿಗೆ ಹೋಗಿ ಮೊದಲು ಕೇಳಿದ್ದನ್ನೇ ಇನ್ನೊಂದು ಸಲ ಕೇಳು. ಲೈಬ್ರರಿಯವಳು ಪಕ್ಕದಲ್ಲಿರಲಿ. ನಾನು ಬರಲಾ? ಬಾ ಎಂದರೆ ಅವತ್ತೇ ಹೊರಡುತ್ತೇನೆ.

ನಿನ್ನ ಮಗಳು


ಏಪ್ರಿಲ್ ೨೯

ಮಗಳಿಗೆ,

ಕೇಳಿದೆ. ನಿನ್ನ ಹೊಸ ವಾಕ್ಯ ಬಂತು. ‘ಎದುರಿಗೆ ಇಟ್ಟದ್ದರಲ್ಲಿ ಏನೂ ಸಿಗಲಿಲ್ಲ. ನೋಡಲು ಕಷ್ಟವಾದ ಕೆಲವು ಚಿತ್ರಗಳನ್ನು ಒಳಗೆ ಇಟ್ಟಿದ್ದೇವೆ. ಅವುಗಳ ವಿವರವನ್ನು ಮೊದಲು ಓದಬಹುದು. ಚಿತ್ರ ತೆರೆಯುವುದು, ಬಿಡುವುದು ನಿಮ್ಮ ಇಷ್ಟ.’

ಓದುತ್ತಿದ್ದ ಹಾಗೇ ಇದು ನಿನ್ನದು ಎಂದು ತಿಳಿಯಿತು. ಚಿಕ್ಕಂದಿನಲ್ಲಿ ಗಾಜಿನ ಜಾಡಿ ಬೀಳಿಸಿದರೆ ನೀನು ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತು, “ಏನೂ ಆಗಿಲ್ಲಮ್ಮ, ಆದ್ರೆ ಚಪ್ಪಲಿ ಹಾಕ್ಕೊಂಡು ಬಾ” ಅನ್ನುತ್ತಿದ್ದೆ. ಅದೇ ದನಿ. ಕಿವಿ ಹೋದ ಮೇಲೂ ಅದು ನನಗೆ ಕೇಳಿಸಿತು.

ವಿವರಗಳನ್ನು ಓದಿದೆ. ಒಬ್ಬೊಬ್ಬರನ್ನಾಗಿ ಓದಿದೆ. ಎಲ್ಲರೂ ಯಾರೋ ಒಬ್ಬರಿಗೆ ಬೇಕಾದವರು. ಬಟ್ಟೆಯ ಪಟ್ಟಿ ಎಂಬ ಕಡೆ ಕಣ್ಣು ನಿಂತಿತು. ಕಪ್ಪು ಹುರಿ, ಅಡ್ಡಡ್ಡ ಹೊಲಿಗೆ. ನೀನು ಕೇಳಿದ್ದ ದಾರ.

ಚಿತ್ರ ತೆರೆಯಲಿಲ್ಲ. ಬೆರಳು ಕೀಲಿಯ ಮೇಲೇ ಇತ್ತು, ಒತ್ತಲಿಲ್ಲ. ಹೊಲಿಗೆ ಸಾಕು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರೆ. ಇಲ್ಲಿ ಕೂಸು ನಿನ್ನ ಕಂಕುಳಲ್ಲಿತ್ತು, ಊರು ಸುತ್ತಿದವಳು ನಾನು. ಫೆಬ್ರವರಿಯಲ್ಲೇ ನಿನಗೆ ಗೊತ್ತಿತ್ತು. ಗೊತ್ತಿದ್ದೇ ದಾರ ಯಾವುದು ಎಂದು ಕೇಳಿದೆ. ನಾನು ಕಾಲು ಊದಿಸಿಕೊಂಡು ಕೂತು ಎಷ್ಟು ಉಲ್ಲಾಸದಿಂದ ಉತ್ತರ ಬರೆದೆ! ನಿಮ್ಮಪ್ಪ ನಕ್ಕಿದ್ದನ್ನೂ ಬರೆದೆ. ಅದನ್ನು ಓದುವಾಗ ನಿನಗೆ ಏನನ್ನಿಸಿತು ಎಂದು ಕೇಳುವುದಿಲ್ಲ.

ಪಟ್ಟಿ ಅವನ ಸೊಂಟಕ್ಕೆ ಹೇಗೆ ಹೋಯಿತು ಎಂಬುದನ್ನೂ ಈಗ ಕೇಳುವುದಿಲ್ಲ. ಬರಬೇಡ.

ಅಮ್ಮ


ಜುಲೈ ೯

ಅಮ್ಮಾ,

ಬರಬೇಡ ಎಂದರೂ ಮೇ ತಿಂಗಳಲ್ಲಿ ಬಂದೆ. ನೀನು ಬಾಗಿಲು ತೆರೆದೆ, ಚಹಾ ಮಾಡಿ ಮುಂದಿಟ್ಟೆ. ನಾನು ಚೀಟಿಯಲ್ಲಿ ಬರೆದು ತೋರಿಸಲು ಹೋದಾಗ ಕನ್ನಡಕ ತೆಗೆದು ಮೇಜಿನ ಮೇಲೆ ಮಡಿಸಿಟ್ಟೆ. ಕಿವಿ ಇಲ್ಲದವಳು ಕನ್ನಡಕವನ್ನೂ ತೆಗೆದಿಟ್ಟರೆ ನಾನು ಯಾವ ದಾರಿಯಲ್ಲಿ ಬರಲಿ? ಚೀಟಿಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮೂರು ಕಾಗದ ಹಾಕಿದೆ, ಉತ್ತರವಿಲ್ಲ. ಆದರೆ ನೀನು ಲೈಬ್ರರಿಗೆ ಹೋಗುತ್ತಿದ್ದೀಯ. ನಾನು ಓದುತ್ತೇನೆ ಎಂದು ಗೊತ್ತಿದ್ದೇ ಬರೆಯುತ್ತೀಯೋ, ಗೊತ್ತಿಲ್ಲದ ಹಾಗೆ ಬರೆಯುತ್ತೀಯೋ, ತಿಳಿಯದು. ‘ನೀರು ಬಹಳ ತಣ್ಣಗಿತ್ತೇ.’ ‘ಮಣ್ಣು ಮಾಡುವಾಗ ಪಕ್ಕದಲ್ಲಿ ಯಾರಿದ್ದರು.’ ನಿನ್ನೆ ‘ಅವನಿಗೆ ಹಸಿವಾಗಿತ್ತೇ.’ ಇವತ್ತು ಮತ್ತೆ ಅದೇ, ‘ಅವನಿಗೆ ಹಸಿವಾಗಿತ್ತೇ.’ ಪ್ರತಿ ಸಲವೂ ನನ್ನ ವಾಕ್ಯ ಹೋಗಿ ನಿನ್ನ ಮುಂದೆ ನಿಲ್ಲುತ್ತದೆ, ಎದುರಿಗೆ ಇಟ್ಟದ್ದರಲ್ಲಿ ಏನೂ ಸಿಗಲಿಲ್ಲ ಎಂದು. ಅದನ್ನು ಬರೆದ ಕೈಯನ್ನು ಕಡಿದುಕೊಳ್ಳಬೇಕು ಅನ್ನಿಸುತ್ತದೆ. ಗಡ್ಡದವನು ಈಗ ಆ ಸಾಲುಗಳನ್ನು ಗಟ್ಟಿಯಾಗಿ ಓದುವುದಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿ ಎದ್ದು ಹೋಗುತ್ತಾನೆ.

ಯಾವ ಪೆಟ್ಟಿಗೆಯಲ್ಲೂ ಇಲ್ಲದ ಒಂದು ವಿಷಯ ನನ್ನ ಹತ್ತಿರ ಇದೆ, ಕೇಳು. ಆ ಬೆಳಿಗ್ಗೆ ಅವನು ನನಗೆ ಮೆಟ್ಟಿಲ ಮೇಲೆ ಸಿಕ್ಕ. ಬೆಲ್ಟಿನ ಬಕಲು ಮುರಿದಿತ್ತು. ನನ್ನ ಪಟ್ಟಿ ಬಿಚ್ಚಿ ಕಟ್ಟಿಕೊಂಡು, “ಅಮ್ಮಂಗೆ ಹೇಳ್ಬೇಡ, ಸಂಜೆ ತಂದ್ಕೊಡ್ತೀನಿ” ಅಂದ. ಅವನು ಹೇಳಬೇಡ ಅಂದ, ನಾನು ಹೇಳಲಿಲ್ಲ. ಅಷ್ಟಕ್ಕೆ ಶುರುವಾದದ್ದು ಇಲ್ಲಿವರೆಗೆ ಬಂತು. ಆಮೇಲೆ ಅಲ್ಲೇ ಕೂತು ನನ್ನ ಊಟದ ಡಬ್ಬಿ ತೆಗೆದು, ಅರ್ಧ ತಿಂದು, “ನಿಂಗೆ ಇಷ್ಟು ಸಾಕು ಬಿಡು, ಗುಬ್ಬಿ ಹೊಟ್ಟೆ” ಎಂದು ಕೆನ್ನೆ ಹಿಂಡಿ ಹೋದ.

ಅವನಿಗೆ ಹಸಿವಾಗಿರಲಿಲ್ಲ ಅಮ್ಮ.

ತಪ್ಪನ್ನು ಹೊಟ್ಟೆಗೆ ಹಾಕಿಕೊ ಎಂದು ಕೇಳುವ ಮುಖವಿಲ್ಲ. ಇದನ್ನು ಮಾತ್ರ ಓದು.

ನಿನ್ನ ಮಗಳು


ಜುಲೈ ೨೪

ಮಗಳಿಗೆ,

ಪಟ್ಟಿಯ ಮಾತು ನಂಬಿದೆ. ಸಂಜೆ ತಂದುಕೊಡುತ್ತೇನೆ ಎಂದದ್ದನ್ನೂ ನಂಬಿದೆ, ಅವನು ಮಾತಾಡುವುದೇ ಹಾಗೆ. ಹಾಗಾದರೆ ಅವನು ಸಿಟ್ಟಿನಲ್ಲಿ ಹೋಗಿರಲಿಲ್ಲ, ಸಂಜೆಗೆ ಬರುವವನಿದ್ದ. ಇಷ್ಟು ವರ್ಷ ಅವನ ಸಿಟ್ಟೊಂದನ್ನೇ ಹಿಡಿದುಕೊಂಡು ಬದುಕಿದೆ. ಈಗ ಅದೂ ಕೈಬಿಟ್ಟಿತು.

ಡಬ್ಬಿಯ ವಿಷಯ. ರೇಡಿಯೋ ಜಗಳದಲ್ಲಿ ಆ ಬೆಳಿಗ್ಗೆ ನಾನು ಒಲೆ ಹಚ್ಚಲೇ ಇಲ್ಲ. ನಿನ್ನ ಡಬ್ಬಿ ತೊಳೆದು ಬೋರಲು ಹಾಕಿದ್ದು ಹಾಗೇ ಇತ್ತು, ನೀನೂ ಹಸಿದುಕೊಂಡೇ ಶಾಲೆಗೆ ಹೋದೆ. ಮಧ್ಯಾಹ್ನ ಲಾಂಚಿನ ಸುದ್ದಿ ಬಂದಾಗ ನಾನು ನೋಡುತ್ತಾ ನಿಂತದ್ದು ಆ ಬೋರಲು ಡಬ್ಬಿಯನ್ನೇ. ಅದನ್ನು ನಾನು ಮರೆಯುತ್ತೇನೆಯೇ?

ಕೆನ್ನೆ ಹಿಂಡಿದ್ದು ಚೆನ್ನಾಗಿತ್ತು. ಅದನ್ನು ಎರಡು ಸಲ ಓದಿದೆ.

ನೀನು ಮತ್ತೆ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದೀಯ. ಪ್ರೀತಿಗೇ ನಿಂತದ್ದು, ಅದು ನನಗೆ ಗೊತ್ತಿಲ್ಲದೆ ಇಲ್ಲ. ಆದರೆ ಇನ್ನು ನನಗೆ ಅದು ಬೇಡ. ಬಂದರೆ ಕನ್ನಡಕ ಹಾಕಿಕೊಂಡಿರುತ್ತೇನೆ. ಇದ್ದದ್ದನ್ನು ಇದೆ ಎಂದು ಬರೆದು ತೋರಿಸು. ಇಲ್ಲದ ಕಡೆ ಇಲ್ಲ ಎಂದು ಬರೆ.

ಅವನು ಹಸಿದುಕೊಂಡೇ ಹೋದ.

ನಿನ್ನ ಅಮ್ಮ